ಓದುವ ಹೊದಿಕೆ, ಹರಿಯುವ ಹೊದಿಕೆ

ಉಡುಗೊರೆಗೆ ಹೊದಿಕೆ ಹಾಕುವ ರೂಢಿ ಅನೇಕ ಸಮಾಜಗಳಲ್ಲಿ ಇದೆಯಾದರೂ, ಆ ಹೊದಿಕೆ ಮಾಡಬೇಕಾದ ಕೆಲಸವೇನು ಎಂಬ ಪ್ರಶ್ನೆಗೆ ಎಲ್ಲ ಕಡೆಯೂ ಒಂದೇ ಉತ್ತರ ಸಿಗುವುದಿಲ್ಲ. ಅಮೆರಿಕದಲ್ಲಿ ಅದರ ಮುಖ್ಯ ಕೆಲಸ ಒಳಗಿನ ವಸ್ತುವನ್ನು ಮರೆಮಾಡುವುದು. ಜಪಾನಿನಲ್ಲಿ ಒಳಗೇನಿದೆ ಎಂಬುದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ, ಅಂದರೆ ಯಾರು, ಯಾವ ಸಂದರ್ಭಕ್ಕೆ, ಎಷ್ಟು ಗೌರವದಿಂದ ಕೊಡುತ್ತಿದ್ದಾರೆ ಎಂಬುದನ್ನು, ಪೆಟ್ಟಿಗೆ ತೆರೆಯುವ ಮೊದಲೇ ಸಾರುವುದು. ಜಪಾನೀಯರು ಕಲಾಪ್ರಿಯರು, ಅಮೆರಿಕನ್ನರು ಆತುರದವರು ಎಂಬ ಸುಲಭದ ವಿವರಣೆ ಪ್ರವಾಸಕಥನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದು ತೀರ ಸುಳ್ಳಲ್ಲದಿದ್ದರೂ, ಎರಡೂ ಕಡೆಯ ಪದ್ಧತಿಗಳು ಬೆಳೆದುಬಂದ ಬಗೆಯನ್ನು ತಿಳಿಯಲು ಅಷ್ಟು ಸಾಲದು.

ಜಪಾನಿನಲ್ಲಿ ಶಾಸ್ತ್ರಬದ್ಧವಾಗಿ ಕೊಡುವ ಶುಭಸಮಾರಂಭದ ಉಡುಗೊರೆಯ ಮೇಲೆ, ಬಲಗಡೆಯ ಮೇಲ್ಮೂಲೆಯಲ್ಲಿ, ಕೆಂಪು ಬಿಳಿ ಕಾಗದವನ್ನು ಉದ್ದಕ್ಕೆ ಮಡಿಸಿ ಮಾಡಿದ ಪುಟ್ಟ ಪೊಟ್ಟಣವೊಂದಿರುತ್ತದೆ. ಅದರ ನಡುವೆ ಹಳದಿ ಬಣ್ಣದ ತೆಳ್ಳನೆಯ ಪಟ್ಟಿಯೊಂದು ಇಣುಕುತ್ತದೆ. ಈ ಅಲಂಕಾರಕ್ಕೆ ‘ನೋಶಿ’ ಎಂದು ಹೆಸರು. ಇಂದು ಆ ಪಟ್ಟಿ ಬರಿಯ ಕಾಗದವಾದರೂ, ಮೂಲದಲ್ಲಿ ಅದು ಅಬಲೋನ್ ಎಂಬ ಕಡಲ ಚಿಪ್ಪುಜೀವಿಯ ಮಾಂಸವನ್ನು ತೆಳುವಾಗಿ ಸುಲಿದು, ಒಣಗಿಸಿ, ಎಳೆದು ನೀಳಗೊಳಿಸಿದ ಪಟ್ಟಿಯಾಗಿತ್ತು. ದೀರ್ಘಾಯುಷ್ಯದ ಸಂಕೇತವೆಂದು ಅದನ್ನು ದೇವರಿಗೂ ಗಣ್ಯರಿಗೂ ಅರ್ಪಿಸುತ್ತಿದ್ದರು, ಇಸೆಯ ಮಹಾದೇಗುಲಕ್ಕೆ ಇಂದಿಗೂ ಅದು ಕಾಣಿಕೆಯಾಗಿ ಸಲ್ಲುತ್ತದೆ. ಹುಟ್ಟು ಹೀಗಿರುವುದರಿಂದಲೇ ನೋಶಿಯ ಬಳಕೆಗೂ ಕಟ್ಟುಪಾಡುಗಳಿವೆ. ಸಾವಿನ ಮನೆಗೆ ಒಯ್ಯುವ ಕಾಣಿಕೆಗೆ ನೋಶಿ ಹಾಕುವಂತಿಲ್ಲ, ಏಕೆಂದರೆ ಬೌದ್ಧ ಶೋಕಾಚರಣೆಯಲ್ಲಿ ಮಾಂಸ ವರ್ಜ್ಯ. ಮೀನನ್ನೇ ಉಡುಗೊರೆಯಾಗಿ ಕೊಡುವಾಗಲೂ ಹಾಕುವುದಿಲ್ಲ, ಏಕೆಂದರೆ ಕಡಲಿನ ಕಾಣಿಕೆಯ ಮೇಲೆ ಕಡಲಿನದೇ ಇನ್ನೊಂದು ಕಾಣಿಕೆಯ ಗುರುತು ಪುನರುಕ್ತಿಯಾಗುತ್ತದೆ. ಅಬಲೋನನ್ನು ಎಂದೂ ಕಂಡಿರದ ನಗರವಾಸಿಗಳು ಕೂಡ ಈ ನಿಯಮವನ್ನು ಪಾಲಿಸುತ್ತಾರೆ ಎಂಬುದೇ ಸೋಜಿಗ.

ನೋಶಿಯ ಪಕ್ಕದಲ್ಲಿ, ಪೆಟ್ಟಿಗೆಯ ನಡುವನ್ನು ಬಳಸಿ, ‘ಮಿಜುಹಿಕಿ’ ಎಂಬ ದಾರ ಇರುತ್ತದೆ. ಕಾಗದವನ್ನು ಹುರಿಮಾಡಿ, ಗಂಜಿ ಹಾಕಿ ಬಿಗಿಗೊಳಿಸಿ ತಯಾರಿಸುವ ಈ ದಾರಕ್ಕೆ ನಾಗಾನೊ ಪ್ರಾಂತದ ಈಡಾ ಪಟ್ಟಣ ಹೆಸರಾಗಿದೆ. ಶುಭಕ್ಕೆ ಕೆಂಪು ಬಿಳಿ ಅಥವಾ ಚಿನ್ನ ಬೆಳ್ಳಿಯ ಬಣ್ಣ, ಅಶುಭಕ್ಕೆ ಕಪ್ಪು ಬಿಳಿ ಎಂಬ ಭೇದ ಮೇಲ್ನೋಟಕ್ಕೇ ತಿಳಿಯುತ್ತದೆ, ಸೂಕ್ಷ್ಮವಿರುವುದು ಗಂಟಿನಲ್ಲಿ. ಮಗು ಹುಟ್ಟಿದ ಸಂತೋಷಕ್ಕೆ ಕೊಡುವ ಉಡುಗೊರೆಗೆ ತುದಿ ಎಳೆದರೆ ಬಿಚ್ಚಿಕೊಳ್ಳುವ, ಎಷ್ಟು ಸಲ ಬೇಕಾದರೂ ಕಟ್ಟಬಹುದಾದ ಚಿಟ್ಟೆಗಂಟು ಹಾಕುತ್ತಾರೆ, ಅಂಥ ಸಂತೋಷ ಮತ್ತೆ ಮತ್ತೆ ಬರಲಿ ಎಂಬುದು ಅದರ ಇಂಗಿತ. ಮದುವೆಗೆ ಈ ಗಂಟು ಸಲ್ಲದು. ಅಲ್ಲಿ ಬೇಕಾದುದು ಎಳೆದಷ್ಟೂ ಬಿಗಿಯಾಗುವ ‘ಮುಸುಬಿಕಿರಿ’, ಕನ್ನಡದ ಬ್ರಹ್ಮಗಂಟು ಎಂಬ ಮಾತನ್ನು ಅಕ್ಷರಶಃ ದಾರದಲ್ಲಿ ಕಟ್ಟಿದಂಥದ್ದು. ಅದೇ ಬಿಗಿಗಂಟು ಸಾವಿನ ಕಾಣಿಕೆಗೂ, ಕಾಯಿಲೆಯಿಂದ ಎದ್ದವರಿಗೆ ಕೊಡುವ ಉಡುಗೊರೆಗೂ ಬರುತ್ತದೆ, ಏಕೆಂದರೆ ಅವೂ ಮರುಕಳಿಸಬಾರದ ಸಂಗತಿಗಳೇ. ಮದುವೆಯ ಉಡುಗೊರೆಗೆ ಚಿಟ್ಟೆಗಂಟು ಹಾಕಿ ಒಯ್ದವರು ಬಾಯಿ ತೆರೆಯದೆಯೇ ಎರಡನೆಯ ಮದುವೆಯನ್ನು ಹಾರೈಸಿದಂತಾಗುತ್ತದೆ.

ಇಂದು ನೋಶಿಯನ್ನೂ ಗಂಟನ್ನೂ ಕೈಯಲ್ಲಿ ಮಾಡುವುದು ವಿಶೇಷ ಸಂದರ್ಭಗಳಿಗೆ ಮಾತ್ರ ಉಳಿದಿದ್ದು, ಸಾಮಾನ್ಯವಾಗಿ ಇವೆರಡರ ಚಿತ್ರವನ್ನು ಅಚ್ಚುಹಾಕಿದ ‘ನೋಶಿಗಾಮಿ’ ಎಂಬ ಕಾಗದವನ್ನು ಪೆಟ್ಟಿಗೆಗೆ ಸುತ್ತುತ್ತಾರೆ. ಗಂಟಿನ ಮೇಲ್ಗಡೆ ಸಂದರ್ಭದ ಹೆಸರು, ಕೆಳಗಡೆ ಕೊಡುವವರ ಹೆಸರು ಬರೆಯುವುದು ಕ್ರಮ. ಕೈಯಾರೆ ಕೊಡುವುದಾದರೆ ಈ ಕಾಗದ ಹೊದಿಕೆಯ ಹೊರಗೆ, ಎಲ್ಲರಿಗೂ ಕಾಣುವಂತೆ. ಅಂಚೆ ಅಥವಾ ಕೊರಿಯರ್ ಮೂಲಕ ಕಳಿಸುವುದಾದರೆ ಒಳಗೆ, ದಾರಿಯಲ್ಲಿ ಹರಿಯದಂತೆ. ಹಣ ಕೊಡುವ ಲಕೋಟೆಯ ಹಿಂಬದಿಯಲ್ಲಿಯೂ ಇಂಥದೇ ಕುರುಹು ಇದೆ: ಶುಭಕ್ಕಾದರೆ ಕೆಳಗಿನ ಮಡಿಕೆ ಮೇಲಿನದರ ಮೇಲೆ ಬಂದು, ಸುಖವನ್ನು ತುಂಬಿಕೊಳ್ಳಲು ಬೊಗಸೆ ಒಡ್ಡಿದಂತಿರಬೇಕು, ಶೋಕಕ್ಕಾದರೆ ಮೇಲಿನ ಮಡಿಕೆ ಕೆಳಗಿನದನ್ನು ಮುಚ್ಚಿ, ತಲೆ ತಗ್ಗಿಸಿದಂತಿರಬೇಕು. ಮದುವೆಗೆ ಗರಿಗರಿ ಹೊಸ ನೋಟು, ಸಾವಿಗೆ ಹಳೆಯ ನೋಟು. ಹೊಸ ನೋಟು ಕೊಟ್ಟರೆ ಸಾವನ್ನು ಮೊದಲೇ ನಿರೀಕ್ಷಿಸಿ ಸಿದ್ಧರಾಗಿದ್ದಂತೆ ಕಾಣುತ್ತದೆ ಎಂಬ ಅಳುಕು ಇದರ ಹಿಂದಿದೆ.

ಇಷ್ಟೆಲ್ಲ ಬರಹ ಹೊದಿಕೆಯ ಮೇಲೆಯೇ ಇರಬೇಕಾದ ಕಾರಣ ಜಪಾನಿನ ಕೊಡುಕೊಳ್ಳುವಿಕೆಯ ಸ್ವರೂಪದಲ್ಲಿದೆ. ನಡುಬೇಸಗೆಯ ‘ಓಚೂಗೆನ್’, ವರ್ಷಾಂತ್ಯದ ‘ಓಸೇಬೊ’ ಎಂಬ ಎರಡು ಉಡುಗೊರೆಯ ಋತುಗಳಲ್ಲಿ ಮೇಲಧಿಕಾರಿ, ಗುರು, ವ್ಯಾಪಾರದ ಸಹವರ್ತಿ ಮುಂತಾದ ಉಪಕಾರಿಗಳಿಗೆ ಕಾಣಿಕೆ ಸಲ್ಲಿಸುವುದು ಬಹುಕಾಲದ ಪದ್ಧತಿ. ಮದುವೆ, ಹೆರಿಗೆ, ಸಾವುಗಳಲ್ಲಿ ಬಂದುದಕ್ಕೆ ಸುಮಾರು ಅರ್ಧದಷ್ಟು ಬೆಲೆಯ ಮರುಉಡುಗೊರೆ ಕಳಿಸುವ ‘ಓಕಾಯೆಶಿ’ಯೂ ಜೊತೆಗಿದೆ. ಮುಯ್ಯಿ ಎಂಬ ಪದವನ್ನು ಬಲ್ಲ, ಮದುವೆಮನೆಯಲ್ಲಿ ಯಾರು ಏನು ಮಾಡಿದರೆಂದು ಓದಿಸುವುದನ್ನು ಕೇಳಿದ ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿ ಬಾಯಿಯಿಂದ ಓದಿಸುವುದನ್ನು ಇಲ್ಲಿ ಕಾಗದದ ಮೇಲೆ ಬರೆದಿರುತ್ತಾರೆ, ಅಷ್ಟೇ. ಪಡೆದವರು ಅತಿಥಿಯ ಎದುರಿಗೇ ಪೊಟ್ಟಣ ಬಿಚ್ಚುವುದು ಹಿಂದೆ ಅಸಭ್ಯವೆನಿಸಿತ್ತು, ಇಂದಿಗೂ ಔಪಚಾರಿಕ ಸಂದರ್ಭಗಳಲ್ಲಿ ಹಲವರು ಬಿಚ್ಚುವುದಿಲ್ಲ. ಎರಡೂ ಕೈಗಳಿಂದ ಒಪ್ಪಿಸಿ, ಎರಡೂ ಕೈಗಳಿಂದ ಸ್ವೀಕರಿಸಿದ ಕ್ಷಣದಲ್ಲೇ ಹೊದಿಕೆ ತನ್ನ ಕೆಲಸ ಮುಗಿಸಿರುತ್ತದೆ. ಮಾನವಶಾಸ್ತ್ರಜ್ಞೆ ಜಾಯ್ ಹೆಂಡ್ರಿ ಅವರು 1993ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸುತ್ತುವ ಪ್ರವೃತ್ತಿಯನ್ನು ಇನ್ನೂ ವಿಸ್ತರಿಸಿ, ಜಪಾನಿನ ವಿನಯದ ಭಾಷೆ, ಉಡುಪು, ಕಟ್ಟಡಗಳ ಒಳವಿನ್ಯಾಸ ಕೂಡ ಒಂದು ಬಗೆಯ ಹೊದಿಕೆಗಳೇ ಎಂದು ವಾದಿಸಿದ್ದಾರೆ.

ಇದೆಲ್ಲವೂ ಅನಾದಿಯೆಂದು ಭಾವಿಸಬೇಕಾಗಿಲ್ಲ. ಇಂದು ಲೋಕಪ್ರಸಿದ್ಧವಾಗಿರುವ ಜಪಾನೀ ಕಾಗದಹೊದಿಕೆಯನ್ನು ರೂಢಿಗೆ ತಂದುದರಲ್ಲಿ ಇಪ್ಪತ್ತನೆಯ ಶತಮಾನದ ದೊಡ್ಡ ಮಳಿಗೆಗಳ ಪಾಲು ಹಿರಿದು. ಮಿತ್ಸುಕೋಶಿ ಮಳಿಗೆಗಾಗಿ 1950ರಲ್ಲಿ ಚಿತ್ರಕಾರ ಇನೊಕುಮಾ ಗೆನ್‌ಇಚಿರೊ ಅವರು, ಕಡಲತೀರದಲ್ಲಿ ಕಂಡ ಕಲ್ಲುಗಳ ಆಕಾರದಿಂದ ಪ್ರೇರಿತರಾಗಿ, ಬಿಳಿಯ ಮೇಲೆ ಕೆಂಪು ಆಕೃತಿಗಳ ಕಾಗದವೊಂದನ್ನು ರೂಪಿಸಿದರು. ಅದರ ಮೇಲಿನ ಮಳಿಗೆಯ ಹೆಸರನ್ನು ಬರೆದವರು ಆಗ ಅಲ್ಲಿ ನೌಕರರಾಗಿದ್ದ, ಮುಂದೆ ಆನ್‌ಪಾನ್‌ಮಾನ್ ಎಂಬ ಮಕ್ಕಳ ಪಾತ್ರದಿಂದ ಪ್ರಖ್ಯಾತರಾದ ಯಾನಾಸೆ ತಾಕಾಶಿ. ಇಂಥ ಮಳಿಗೆಯ ಕಟ್ಟೆಯಲ್ಲಿ ಸಿಬ್ಬಂದಿ ಪೆಟ್ಟಿಗೆಯನ್ನು ಕಾಗದದ ಮೇಲೆ ಓರೆಯಾಗಿ ಇಟ್ಟು, ಒಂದೊಂದು ಮಗ್ಗುಲಿಗೂ ಕಾಗದವನ್ನು ಎಳೆದು ಮಡಿಸಿ, ಪೆಟ್ಟಿಗೆಯನ್ನು ಉರುಳಿಸುತ್ತ ಹೋದರೆ, ಮೂಲೆಗಳೆಲ್ಲ ತಾವಾಗಿ ಒಳಸೇರಿ ಕೊನೆಯ ತುದಿಗೆ ಒಂದು ಚೂರು ಟೇಪು ಅಂಟಿಸುವುದಷ್ಟೇ ಉಳಿಯುತ್ತದೆ. ಆ ಟೇಪು ಕಿತ್ತರೆ ಕಾಗದ ಹರಿಯದೆ ಇಡಿಯಾಗಿ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಮಳಿಗೆಯ ಹೆಸರು ಅಡಗಿಸಬೇಕಾದ ಸಂಗತಿಯಲ್ಲ. ಯಾವ ಅಂಗಡಿಯಿಂದ ತಂದದ್ದು ಎಂಬುದೂ ಗೌರವದ ಅಳತೆಯ ಒಂದು ಭಾಗ.

ಅಮೆರಿಕದ ಕಥೆ ಇದಕ್ಕೆ ನೇರ ವಿರುದ್ಧವಾದ ಆತಂಕದಿಂದ ಆರಂಭವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕೈಯಿಂದ ಮಾಡಿದ ಉಡುಗೊರೆಗಳ ಜಾಗಕ್ಕೆ ಕಾರ್ಖಾನೆಯ ಸರಕು ಬಂದಾಗ, ಹಣ ಕೊಟ್ಟು ಕೊಂಡ ವಸ್ತುವನ್ನು ಪ್ರೀತಿಯ ಕಾಣಿಕೆಯಾಗಿ ಮಾರ್ಪಡಿಸುವ ಉಪಾಯವೊಂದು ಬೇಕಾಯಿತು, ಹೊದಿಕೆ ಅಂಗಡಿಯ ವಾಸನೆಯನ್ನು ಕಳೆಯುವ ಸಾಧನವಾಯಿತು ಎಂದು ಇತಿಹಾಸಕಾರ ವಿಲಿಯಂ ವೇಟ್ಸ್ ವಿವರಿಸುತ್ತಾರೆ. ಬೆಲೆಚೀಟಿ ಕಿತ್ತುಹಾಕುವುದು ಇದೇ ಶುದ್ಧೀಕರಣದ ಅಂಗ. ಮನೆಯಲ್ಲೇ ಮಾಡಿದ ಜಾಮಿನ ಶೀಸೆಗೆ ಕಾಗದ ಸುತ್ತದೆ ಒಂದು ರಿಬ್ಬನ್ ಕಟ್ಟಿದರೆ ಸಾಕೆನಿಸುವುದು, ಅದಕ್ಕೆ ಅಂಗಡಿಯ ಮೈಲಿಗೆ ತಗಲದೇ ಇರುವುದರಿಂದ.

ಬಣ್ಣದ ಕಾಗದ ಬಂದುದು ಆಕಸ್ಮಿಕವಾಗಿ. 1917ರ ಕ್ರಿಸ್ಮಸ್ ಹೊತ್ತಿಗೆ ಕ್ಯಾನ್ಸಸ್ ಸಿಟಿಯ ಹಾಲ್ ಸೋದರರ ಅಂಗಡಿಯಲ್ಲಿ, ಅಲ್ಲಿಯವರೆಗೆ ಎಲ್ಲರೂ ಬಳಸುತ್ತಿದ್ದ ಬಿಳಿ, ಕೆಂಪು, ಹಸಿರು ಟಿಶ್ಯೂ ಕಾಗದ ಮುಗಿದುಹೋದಾಗ, ಲಕೋಟೆಗಳ ಒಳಪದರಕ್ಕೆಂದು ಫ್ರಾನ್ಸಿನಿಂದ ತರಿಸಿದ್ದ ಚಿತ್ತಾರದ ಕಾಗದವನ್ನು ಹಾಳೆಗೆ 10 ಸೆಂಟಿನಂತೆ ಮಾರಾಟಕ್ಕಿಟ್ಟರು. ಅದು ನೋಡನೋಡುತ್ತ ಖಾಲಿಯಾಯಿತು. ಮುಂದೆ ಹಾಲ್‌ಮಾರ್ಕ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ಸಂಸ್ಥೆ ಸ್ವಲ್ಪಕಾಲದಲ್ಲೇ ಅಂಥ ಕಾಗದವನ್ನು ತಾನೇ ತಯಾರಿಸತೊಡಗಿತು. 1930ರಲ್ಲಿ ರಿಚರ್ಡ್ ಡ್ರೂ ಅವರ ಪಾರದರ್ಶಕ ಅಂಟುಟೇಪು ಬಂದ ಮೇಲೆ ದಾರ, ಅರಗುಗಳ ಗೊಡವೆಯೂ ತಪ್ಪಿ, ಮಡಿಸುವ ಕೌಶಲವಿಲ್ಲದವರೂ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಪೊಟ್ಟಣ ಕಟ್ಟುವಂತಾಯಿತು.

ಈ ರೂಢಿ ಎಷ್ಟು ಆಳವಾಗಿ ಬೇರುಬಿಟ್ಟಿತೆಂಬುದನ್ನು ಸಮಾಜಶಾಸ್ತ್ರಜ್ಞ ಥಿಯೊಡೋರ್ ಕ್ಯಾಪ್ಲೊ ಅವರು ಇಂಡಿಯಾನಾ ರಾಜ್ಯದ ಮನ್ಸಿ ಎಂಬ ಊರಿನಲ್ಲಿ ನಡೆಸಿದ ಅಧ್ಯಯನ ತೋರಿಸುತ್ತದೆ. 1979ರಲ್ಲಿ 110 ಮಂದಿಯನ್ನು ಮಾತಾಡಿಸಿ, ಅವರು ಕ್ರಿಸ್ಮಸ್ಸಿಗೆ ಕೊಟ್ಟು ಪಡೆದ 4,347 ಉಡುಗೊರೆಗಳನ್ನು ಲೆಕ್ಕಹಾಕಿದ ಅವರಿಗೆ, ಉಡುಗೊರೆಯನ್ನು ಸುತ್ತಿಯೇ ಕೊಡಬೇಕೆಂಬ ನಿಯಮ ಎಲ್ಲಿಯೂ ಬರೆದಿಲ್ಲದಿದ್ದರೂ, ತಪ್ಪಿದವರಿಗೆ ದಂಡವಿಲ್ಲದಿದ್ದರೂ, ಊರಿಗೆ ಊರೇ ಅದನ್ನು ಪಾಲಿಸುತ್ತಿದ್ದುದು ಕಂಡುಬಂತು. ಸೈಕಲ್ಲಿನಂಥ ಸುತ್ತಲಾಗದ ವಸ್ತುವಿಗೂ ಒಂದು ರಿಬ್ಬನ್ನಿನ ಹೂವನ್ನಾದರೂ ಅಂಟಿಸುವುದು ಅಲ್ಲಿಯ ಕ್ರಮ.

ಆದರೆ ಆ ಹೊದಿಕೆಯ ಸಾರ್ಥಕತೆ ಹರಿದಾಗಲೇ. ಕ್ರಿಸ್ಮಸ್ ಬೆಳಗ್ಗೆ ಮಕ್ಕಳು ಕಾಗದ ಚಿಂದಿ ಮಾಡುವುದನ್ನು ಹಿರಿಯರು ಸುತ್ತ ಕುಳಿತು ನೋಡುತ್ತಾರೆ. ಮದುಮಗಳಿಗೂ ಗರ್ಭಿಣಿಗೂ ಏರ್ಪಡಿಸುವ ‘ಶವರ್’ ಕೂಟಗಳಲ್ಲಿ ಉಡುಗೊರೆಗಳನ್ನು ಒಂದೊಂದಾಗಿ ಎಲ್ಲರೆದುರು ತೆರೆಯುವುದೇ ಕಾರ್ಯಕ್ರಮ. ತೆರೆದ ಕ್ಷಣದಲ್ಲಿ ಮುಖದ ಮೇಲೆ ಮೂಡುವ ಅಚ್ಚರಿ, ಕೊಟ್ಟವರಿಗೆ ಸಲ್ಲುವ ಮುಯ್ಯಿ. ಆದ್ದರಿಂದಲೇ ಅಲ್ಲಿ ಉಡುಗೊರೆ ತೆರೆಯದೆ ಪಕ್ಕಕ್ಕಿಟ್ಟರೆ ಕೊಟ್ಟವರಿಗೆ ನೋವಾಗುತ್ತದೆ, ಜಪಾನಿನಲ್ಲಿ ಮುಗಿಬಿದ್ದು ತೆರೆದರೆ ಆಸೆಬುರುಕತನದಂತೆ ಕಾಣುತ್ತದೆ.

ಎರಡು ದೇಶಗಳ ಈ ಭೇದ ಎಷ್ಟು ಗಟ್ಟಿ ಎಂಬುದನ್ನು ನೆವಾಡಾ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಯೋಗವೊಂದರ ಬೆಳಕಿನಲ್ಲಿ ನೋಡಬಹುದು. ಬ್ಯಾಸ್ಕೆಟ್‌ಬಾಲ್ ತಂಡಗಳ ಚಿಹ್ನೆಯ ಮಗ್ಗುಗಳನ್ನು ಕೆಲವರಿಗೆ ಅಚ್ಚುಕಟ್ಟಾಗಿಯೂ ಕೆಲವರಿಗೆ ಒಡ್ಡೊಡ್ಡಾಗಿಯೂ ಸುತ್ತಿ ಕೊಟ್ಟಾಗ, ಒಡ್ಡು ಪೊಟ್ಟಣ ಪಡೆದವರೇ ಮಗ್ಗನ್ನು ಹೆಚ್ಚು ಮೆಚ್ಚಿದರು, ಏಕೆಂದರೆ ಚೆಂದದ ಹೊದಿಕೆ ನಿರೀಕ್ಷೆಯನ್ನು ಮೇಲೇರಿಸಿಬಿಡುತ್ತದೆ. ಆದರೆ ಕೊಡುವವರು ಸ್ನೇಹಿತರಾಗಿರದೆ ಬರಿಯ ಪರಿಚಿತರಾಗಿದ್ದಾಗ, ಹೊದಿಕೆಯ ಅಚ್ಚುಕಟ್ಟನ್ನು ಅಮೆರಿಕನ್ನರೂ ಸಂಬಂಧದ ಕುರುಹಾಗಿ ಓದಿದರು. ದೂರದವರ ನಡುವೆ ಹೊದಿಕೆ ಮಾತಾಡುತ್ತದೆ, ಹತ್ತಿರದವರ ನಡುವೆ ಆಟವಾಡುತ್ತದೆ ಎಂಬುದು ಎರಡೂ ಕಡೆಗೆ ಅನ್ವಯಿಸುವಂತಿದ್ದು, ಜಪಾನಿನ ಉಡುಗೊರೆಯ ಹೆಚ್ಚಿನ ಭಾಗ ಬಹುಕಾಲ ದೂರದ ಸಂಬಂಧಗಳಿಗೆ ಮೀಸಲಾಗಿತ್ತು ಎಂಬುದೇ ವ್ಯತ್ಯಾಸದ ಮೂಲವಿರಬಹುದು. ಈಗ ಟೋಕಿಯೊದ ಮಳಿಗೆಯಲ್ಲಿ ಸಿಹಿತಿಂಡಿಯ ಪೆಟ್ಟಿಗೆ ಕೊಂಡವರನ್ನು ಕಟ್ಟೆಯ ಆಚೆಯವರು ನೋಶಿ ಹಾಕಲೋ ರಿಬ್ಬನ್ ಕಟ್ಟಲೋ ಎಂದು ಕೇಳುತ್ತಾರೆ. ಮೇಲಧಿಕಾರಿಗಾದರೆ ನೋಶಿ, ಗೆಳತಿಯ ಹುಟ್ಟುಹಬ್ಬಕ್ಕಾದರೆ ರಿಬ್ಬನ್, ಎರಡಕ್ಕೂ ಒಳಗಿರುವುದು ಅದೇ ಸಿಹಿ.