ಗೂಗಲ್‌ನಲ್ಲಿ ‘ನಂಬರ್ ಒನ್’ ಮಾಡ್ತೀವಿ ಅಂತ ಫೋನ್ ಬಂತಾ? ದುಡ್ಡು ಹಾಕೋ ಮುಂಚೆ ಇದನ್ನ ಓದಿ

“ನಿಮ್ಮ ಅಂಗಡೀನ ಗೂಗಲ್‌ನಲ್ಲಿ ಫಸ್ಟ್ ತರ್ತೀವಿ, ಇಷ್ಟು ಕಟ್ಟಿ” ಅಂತ ಅಂಗಡಿಕಾರರಿಗೆ ಕರೆ ಬರೋದು ಈಗ ಹೊಸದೇನಲ್ಲ. ಆದರೆ ಗೂಗಲ್‌ನಲ್ಲಿ ಫಸ್ಟ್ ಅನ್ನೋ ಖಾಯಂ ಸೀಟೇ ಇಲ್ಲ.

ಗ್ರಾಹಕರು ಹುಡುಕಿದ ಪ್ರತಿ ಸಲವೂ ಯಾರು ಮೇಲೆ, ಯಾರು ಕೆಳಗೆ ಅಂತ ಅಂಕ ಹಾಕಿ ಪಟ್ಟಿ ಜೋಡಿಸಲಾಗುತ್ತದೆ. ಹುಡುಕಿದ ಪದ ಬದಲಾದರೆ, ನಿಂತ ಜಾಗ ಬದಲಾದರೆ ಪಟ್ಟಿಯೂ ಬದಲಾಗಬಹುದು. ಬಸ್ ಸ್ಟ್ಯಾಂಡ್‌ನಲ್ಲಿ ‘ಮೊಬೈಲ್ ರಿಪೇರಿ’ ಅಂತ ಹುಡುಕಿದವರಿಗೆ ಮೊದಲು ಕಂಡ ಅಂಗಡಿ, ಸಂತೆ ಮೈದಾನದಲ್ಲಿ ಇರೋರಿಗೆ ಐದನೆಯದಾಗಿ ಕಾಣಬಹುದು. ಏಜೆಂಟ್ ನಿಮ್ಮ ಅಂಗಡಿಯಲ್ಲೇ ಕೂತು ಮೊಬೈಲ್ ತೆಗೆದು “ನೋಡಿ ಸಾರ್, ಫಸ್ಟ್ ಬಂತು” ಅಂದ್ರೆ ಬರಬೇಕಾದ್ದೇ, ಅಲ್ಲಿ ದೂರವೇ ಸೊನ್ನೆ!

ಅಂಕದ ಲೆಕ್ಕ ಹಳೇದು. ಎಲ್ಲ ಪುಟದಲ್ಲೂ ಸಿಗುವ ಪದಕ್ಕೆ ತೂಕ ಕಮ್ಮಿ, ಅಪರೂಪದ ಪದಕ್ಕೆ ಜಾಸ್ತಿ ಇರಬೇಕು ಅಂತ 1972ರಲ್ಲೇ ಬ್ರಿಟನ್ನಿನ ಕ್ಯಾರೆನ್ ಸ್ಪಾರ್ಕ್ ಜೋನ್ಸ್ ತೋರಿಸಿಕೊಟ್ಟರು. ‘ಅಂಗಡಿ’ ಅನ್ನೋ ಪದ ಎಲ್ಲರ ಹತ್ತಿರವೂ ಇದೆ, ‘ಗಾಣದ ಎಣ್ಣೆ’ ಕೆಲವರ ಹತ್ತಿರ ಮಾತ್ರ. ಹಾಗಂತ ಅದನ್ನೇ ನೂರು ಸಲ ತುರುಕಿದರೆ ಗೂಗಲ್ ಸ್ಪ್ಯಾಮ್ ಅಂತ ಹಿಡಿಯುತ್ತೆ. ಬೇರೆ ಪುಟಗಳು ಕೊಡುವ ಲಿಂಕ್‌ಗಳನ್ನೂ ಲೆಕ್ಕಕ್ಕೆ ತಂದವರು ಲ್ಯಾರಿ ಪೇಜ್, ಸೆರ್ಗೆ ಬ್ರಿನ್. ಅದು 1998ರ ಮಾತು.

ಮ್ಯಾಪ್‌ನಲ್ಲಿ ಕಾಣೋ ಅಂಗಡಿಗಳಿಗೆ ಮುಖ್ಯವಾಗಿ ಮೂರು ನೋಡ್ತೀವಿ ಅಂತ ಗೂಗಲ್ಲೇ ಹೇಳಿದೆ: ಹುಡುಕಿದ್ದಕ್ಕೆ ಹೊಂದಿಕೆ, ದೂರ, ಹೆಸರುವಾಸಿ. ಇಲ್ಲಿ ದುಡ್ಡು ಕೊಟ್ಟು ಮೇಲೇರೋಕೆ ಆಗಲ್ಲ ಅಂತಾನೂ ಹೇಳಿದೆ. ದುಡ್ಡಿಗೆ ಬರೋದು ಜಾಹೀರಾತು, ಅದರ ಮೇಲೆ ‘ಸ್ಪಾನ್ಸರ್ಡ್’ ಅಂತ ಬರೆದಿರುತ್ತೆ.

ದೂರ ನಿಮ್ಮ ಕೈಲಿಲ್ಲ, ಅಂಗಡಿ ಎತ್ತಿಕೊಂಡು ಹೋಗೋಕಾಗಲ್ಲ. ಉಳಿದ ಕೆಲಸ ಮನೆಯ ಹುಡುಗರೇ ಮಾಡಬಹುದು. ಬಿಸಿನೆಸ್ ಪ್ರೊಫೈಲ್ ಪೂರ್ತಿ ಉಚಿತ. ಕೆಟಗರಿ ಸರಿ ಇರಲಿ. ಹಾರ್ಡ್‌ವೇರ್ ಅಂಗಡಿ ‘ಸ್ಟೋರ್’ ಅಂತ ಮಾತ್ರ ಇದ್ದರೆ ಪೈಪ್ ಹುಡುಕಿದವರಿಗೆ ಕಾಣೋದು ಕಷ್ಟ. ಫೋನ್ ನಂಬರ್, ಬಾಗಿಲು ತೆಗೆಯೋ ಹೊತ್ತು, ವಾರದ ರಜೆ, ಫೋಟೋ ಹಾಕಿ. ರಿವ್ಯೂ ಬಂದರೆ ಉತ್ತರ ಕೊಡಿ, ಬೈದಿದ್ದರೂ ಸರಿ. ಸ್ಟಾರ್ ಕೊಟ್ಟವರಿಗೆ ಡಿಸ್ಕೌಂಟ್ ಕೊಡೋದು, ರಿವ್ಯೂ ಕೊಂಡುಕೊಳ್ಳೋದು ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಅಳಿಸಿ ಹಾಕ್ತಾರೆ.

ಇನ್ನೊಂದು ಮುಖ್ಯ ವಿಷಯ. ಪ್ರೊಫೈಲ್ ಏಜೆಂಟ್‌ನ ಇಮೇಲ್‌ನಲ್ಲಿ ಮಾಡಿಸಿದರೆ ಅದರ ಓನರ್ ಅವನೇ. ನಾಳೆ ಜಗಳ ಆದರೆ ನಿಮ್ಮ ಅಂಗಡಿಯ ನಂಬರ್ ಬದಲಿಸೋದೂ ಅವನ ಕೈಲೇ. ನಿಮ್ಮ ಇಮೇಲ್‌ನಿಂದಲೇ ಮಾಡಿ, ಅವನನ್ನು ಬೇಕಾದರೆ ‘ಮ್ಯಾನೇಜರ್’ ಆಗಿ ಸೇರಿಸಿ. ವೆರಿಫಿಕೇಶನ್ ಕೋಡ್ ಕೇಳಿದರೆ ಯಾರಿಗೂ ಹೇಳಬೇಡಿ.