ಗಾಯತೊಂಡೆ ಹೇಳಿದ್ದು ಖರೆ

ನಮ್ಮಪ್ಪನ ಚಹಾದಂಗಡಿಯಲ್ಲಿ ಕೆಂಪು ರಟ್ಟಿನ ಉದ್ರಿ ಪುಸ್ತಕವಿತ್ತು. ಮಾಸ್ತರರು, ಹಮಾಲರು, ಬಸ್ ಕಂಡಕ್ಟರು, ಎಲ್ಲರ ಹೆಸರೂ ಅದರಲ್ಲಿದ್ದವು. ದಿನಾ ಎರಡು ಚಹಾ, ಒಂದು ಪ್ಲೇಟ್ ಮಿರ್ಚಿ ಮುಗಿಸಿ ಎದ್ದು ಹೋಗುತ್ತಿದ್ದ ಪೊಲೀಸನ ಹೆಸರೊಂದೇ ಇರಲಿಲ್ಲ. ಅವನು ದುಡ್ಡು ಕೊಡುತ್ತಿರಲಿಲ್ಲ, ಅಪ್ಪ ಬರೆದುಕೊಳ್ಳುತ್ತಿರಲಿಲ್ಲ.

2015ರಲ್ಲಿ ನಾನು ಗೋವಾದ ವಾಸ್ಕೋದಲ್ಲಿ ಕೆಲಸಕ್ಕಿದ್ದೆ. ಅಪ್ಪ ಬಂದಿದ್ದಾಗ ಇಬ್ಬರೂ ಹಿಂದಿಯ ‘ದೃಶ್ಯಂ’ ನೋಡಲು ಹೋದೆವು. ಜೀತು ಜೋಸೆಫ್ 2013ರಲ್ಲಿ ಮಲಯಾಳದಲ್ಲಿ ಮಾಡಿದ ಕಥೆ ಅದು. ಮರುವರ್ಷ ಪಿ. ವಾಸು ಕನ್ನಡಕ್ಕೆ ತಂದ ‘ದೃಶ್ಯ’ವನ್ನು ಅಪ್ಪ ಆಗಲೇ ನೋಡಿದ್ದರು. ರವಿಚಂದ್ರನ್ ಮಾಡಿದ್ದ ಪಾತ್ರ ಹಿಂದಿಯಲ್ಲಿ ಅಜಯ್ ದೇವಗನ್ ಪಾಲಿಗೆ ಬಂದಿತ್ತು. ನಿರ್ದೇಶಕ ನಿಶಿಕಾಂತ್ ಕಾಮತ್ ಕಥೆಯನ್ನು ಗೋವಾದ ಹಳ್ಳಿಯೊಂದಕ್ಕೆ ತಂದು ನಿಲ್ಲಿಸಿದ್ದರು.

ಕಥಾನಾಯಕ ವಿಜಯ್ ಸಾಲಗಾಂವಕರ್ ನಾಲ್ಕನೇ ಇಯತ್ತೆ ಫೇಲಾದ ಕೇಬಲ್ ಟಿವಿಯವನು. ಮನೆಯಲ್ಲಿ ಒಂದು ಸಾವು ನಡೆದುಹೋಗುತ್ತದೆ. ಸತ್ತ ಹುಡುಗ ಐಜಿ ಮೀರಾ ದೇಶಮುಖ್ ಅವರ ಮಗ. ಅವನ ಹಳದಿ ಕಾರನ್ನು ವಿಜಯ್ ಓಡಿಸಿಕೊಂಡು ಹೋಗುವುದನ್ನು ಕಣ್ಣಾರೆ ಕಂಡವನು ಸಬ್ ಇನ್ಸ್‌ಪೆಕ್ಟರ್ ಗಾಯತೊಂಡೆ. ಲಂಚ ತಿನ್ನುವವನು, ಕೈ ಎತ್ತುವವನು. ಠಾಣೆಯಲ್ಲಿ ಕೂಡಿಹಾಕಿದವರನ್ನು ಬಿಡಿಸಲು ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿ ಎಂದು ಊರವರಿಗೆ ದಾರಿ ತೋರಿಸಿದ ವಿಜಯ್ ಮೇಲೆ ಅವನಿಗೆ ಮೊದಲಿನಿಂದಲೂ ಸಿಟ್ಟು.

ಈಗ ಗಾಯತೊಂಡೆ ಖರೆ ಹೇಳುತ್ತಿದ್ದಾನೆ. ಆದರೂ ಇದು ಹಳೇ ದ್ವೇಷದ ಮಾತು ಎಂದು ಅವನ ಜೊತೆಯವರೇ ಮೊದಲು ತಳ್ಳಿಹಾಕುತ್ತಾರೆ. ಅಪ್ಪ ಕತ್ತಲಲ್ಲಿ ನನ್ನ ಮೊಣಕೈ ಹಿಡಿದು, “ತಮ್ಮಾ, ಅಂವಾ ಖರೇನ ಹೇಳಾಕತ್ತಾನ. ಆದ್ರ ಅಂವನ ಮಾತು ಯಾರು ನಂಬ್ತಾರ?” ಎಂದರು.

ಆ ಒಂದು ಮಾತಿನಲ್ಲಿ ಇಡೀ ಸಿನಿಮಾ ನನಗೆ ತಿಳಿಯಿತು. ಪೊಲೀಸನ ಲಂಚದಿಂದ ಹೋಗುವುದು ಬರೀ ಬಡವನ ದುಡ್ಡಲ್ಲ, ಪೊಲೀಸನ ಸಾಕ್ಷಿಗಿದ್ದ ಬೆಲೆಯೂ ಹೋಗುತ್ತದೆ. ಕೊನೆಗೆ ಗಾಯತೊಂಡೆ ವಿಜಯ್‌ನ ಪುಟ್ಟ ಮಗಳ ಮೇಲೂ ಕೈ ಮಾಡುತ್ತಾನೆ. ಹೆಣಕ್ಕಾಗಿ ಗುಂಡಿ ಅಗೆದರೆ ಸಿಗುವುದು ಸತ್ತ ಪ್ರಾಣಿ. ಊರವರು ತಿರುಗಿಬೀಳುತ್ತಾರೆ. ಹೆಣ ಇರುವುದು ಹೊಸ ಠಾಣೆಯ ನೆಲದಡಿ.

ಗೋವಾದ ಜನರಿಗೆ ಇಂಥ ಅಪನಂಬಿಕೆ ಹೊಸದಲ್ಲ. 2008ರ ಫೆಬ್ರುವರಿಯಲ್ಲಿ ಅಂಜುನಾ ಕಡಲತೀರದಲ್ಲಿ 15 ವರ್ಷದ ಬ್ರಿಟಿಷ್ ಬಾಲಕಿಯ ಶವ ಸಿಕ್ಕಾಗ, ನೀರಿನಲ್ಲಿ ಮುಳುಗಿ ಸತ್ತಿದ್ದಾಳೆಂದು ಪೊಲೀಸರು ಹೇಳಿದ್ದರು. ತಾಯಿ ಪಟ್ಟು ಹಿಡಿದ ಮೇಲೆ ಎರಡನೇ ಸಲ ಮರಣೋತ್ತರ ಪರೀಕ್ಷೆಯಾಯಿತು, ಮೈಮೇಲಿನ ಗಾಯಗಳು ಬೆಳಕಿಗೆ ಬಂದವು. ತನಿಖೆ ಸಿಬಿಐಗೆ ಹೋಯಿತು. 2016ರಲ್ಲಿ ಆರೋಪಿಗಳಿಬ್ಬರೂ ಖುಲಾಸೆಯಾದರು. 2019ರಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಒಬ್ಬನಿಗೆ 10 ವರ್ಷ ಶಿಕ್ಷೆ ಕೊಟ್ಟಿತು. ಅಷ್ಟಾಗಲು 11 ವರ್ಷ ಹಿಡಿಯಿತು. ಈ ನಡುವೆ 2010ರಲ್ಲಿ, ಮಾದಕ ವಸ್ತು ಮಾರುವವರೊಂದಿಗೆ ಕೈಜೋಡಿಸಿದ ಆರೋಪದ ಮೇಲೆ ಅದನ್ನು ತಡೆಯಬೇಕಾದ ದಳದ ಪೊಲೀಸರನ್ನೇ ಬಂಧಿಸಲಾಗಿತ್ತು. ಮರುವರ್ಷ ಬಂದ ‘ದಮ್ ಮಾರೋ ದಮ್’ ಚಿತ್ರದಲ್ಲಿ ಅಭಿಷೇಕ್ ಬಚ್ಚನ್ ಮಾಡಿದ್ದು ಒಂದು ಕಾಲಕ್ಕೆ ಲಂಚ ತಿಂದಿದ್ದ ಗೋವಾ ಪೊಲೀಸ್ ಅಧಿಕಾರಿಯ ಪಾತ್ರ.

ಪ್ರೇಕ್ಷಕರು ವಿಜಯ್‌ಗೆ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಆದರೆ ಪೊಲೀಸರಿಂದ ನ್ಯಾಯ ಸಿಗುತ್ತದೆಂಬ ಭರವಸೆ ಅವನಿಗಿದ್ದಿದ್ದರೆ ಅವನು ಹೆಣ ಹೂಳುತ್ತಿರಲಿಲ್ಲ, ಠಾಣೆಗೆ ಹೋಗುತ್ತಿದ್ದ.

ಸಿನಿಮಾದ ಹೇಬಿಯಸ್ ಕಾರ್ಪಸ್ ಕಟ್ಟುಕಥೆಯಲ್ಲ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ಪೊಲೀಸರ ಮೇಲಿನ ದೂರು ಕೇಳಲು ಪ್ರತ್ಯೇಕ ಪ್ರಾಧಿಕಾರ ಇರಬೇಕೆಂದು 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಗೋವಾದಲ್ಲೂ ಕರ್ನಾಟಕದಲ್ಲೂ ಅಂಥ ಪ್ರಾಧಿಕಾರವಿದೆ. ನಮ್ಮಪ್ಪ ಹೆದರಿ ಒಂದು ಹೆಸರು ಬರೆಯದೆ ಬಿಟ್ಟರು. ನೀವು ಬಿಡಬೇಡಿ. ತಾರೀಖು, ಜಾಗ, ಕೇಳಿದ ದುಡ್ಡು ಎಲ್ಲ ಬರೆದು ದೂರು ಕೊಡಿ.