ಕುಣಿಮಗ್ಗ ಕಲಿಸಿದ ನಿದ್ದೆ

ನಮ್ಮಪ್ಪ ಇಳಕಲ್ಲಿನ ನೇಕಾರ. ಅರವತ್ತೆಂಟನೇ ವಯಸ್ಸಿಗೆ ಮಗ್ಗ ಬಿಟ್ಟ. ಅದೇ ವರ್ಷ ನಿದ್ದೆ ಅವನನ್ನು ಬಿಟ್ಟಿತು. ಐವತ್ತು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು, ಸೀರೆಯ ಮೈಯ ಹಾಸಿನೊಂದಿಗೆ ಸೆರಗಿನ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿದ ಕೈ ಅದು. ಈಗ ರಾತ್ರಿ ಎಂಟಕ್ಕೇ ಮಲಗತೊಡಗಿದ. ಲಗೂನ ಮಲಗಿದರೆ ಒಂದೀಟಾದರೂ ನಿದ್ದಿ ಬಂದೀತು ಅನ್ನುವ ಆಸೆ. ಹನ್ನೊಂದರ ಹೊತ್ತಿಗೆ ಕಣ್ಣು ಹತ್ತುತ್ತಿತ್ತು. ನಡುರಾತ್ರಿ ಎಚ್ಚರ, ಆಮೇಲೆ ಹೊರಳಾಟ, ನಸುಕಿನಲ್ಲಿ ಮತ್ತೆ ಜೋಂಪು. “ಯವ್ವಾ, ಒಂದು ಗುಳಿಗಿ ಕೊಡಸು, ಸಾಕು” ಎಂದು ನನಗೆ ಫೋನು ಮಾಡಿದ.

ನಾನು ಬಾಗಲಕೋಟೆಯಲ್ಲಿ ಆಪ್ತಸಮಾಲೋಚಕಿ. ಈ ಮಾತು ದಿನಾ ಕೇಳುತ್ತೇನೆ. ‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯನ್ನೂ ಕೇಳುತ್ತೇನೆ. ಗಾದೆ ಅರ್ಧ ನಿಜ. ಸಾಲ, ಸಾವು, ಪರೀಕ್ಷೆ ನಿದ್ದೆ ಕೆಡಿಸುತ್ತವೆ. ಆದರೆ ಸಾಲ ತೀರಿದ ಮೇಲೂ ನಿದ್ದೆ ಯಾಕೆ ಬರುವುದಿಲ್ಲ? ಹೋದ ನಿದ್ದೆಯನ್ನು ಹಿಡಿಯಲು ನಾವು ಬೇಗ ಮಲಗುತ್ತೇವೆ, ಹಗಲು ಅಡ್ಡಾಗುತ್ತೇವೆ, ಗಡಿಯಾರ ನೋಡಿ ಉಳಿದ ತಾಸು ಎಣಿಸುತ್ತೇವೆ. ಅದು ಇನ್ನಷ್ಟು ದೂರ ಓಡುತ್ತದೆ. ವಾರಕ್ಕೆ ಮೂರು ರಾತ್ರಿಯಾದರೂ ಹೀಗಾಗಿ, ಮೂರು ತಿಂಗಳು ದಾಟಿ, ಹಗಲಿನ ಕೆಲಸವೂ ಕೆಟ್ಟರೆ ಅದು ದೀರ್ಘಕಾಲದ ನಿದ್ರಾಹೀನತೆ. ದೊಡ್ಡವರಲ್ಲಿ ಇದಕ್ಕೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಮನಃಶಾಸ್ತ್ರೀಯ ಚಿಕಿತ್ಸೆ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲೇ ಹೇಳಿದೆ. ವೈದ್ಯರು ಅದನ್ನು ಸಿಬಿಟಿ-ಐ ಎನ್ನುತ್ತಾರೆ.

ಅದರಂತೆ ಅಪ್ಪನಿಗೆ ಎರಡು ವಾರ ಮಲಗಿದ ಹೊತ್ತು, ಎದ್ದ ಹೊತ್ತು ಬರೆದು ಒಂದು ನೋಟ್‌ಬುಕ್ ತುಂಬಲು ಹೇಳಿದೆ. ಎಂಟರಿಂದ ಆರರವರೆಗೆ ಹತ್ತು ತಾಸು ಹಾಸಿಗೆಯಲ್ಲಿ. ನಿದ್ದೆ ಆರೇ ತಾಸು. ಉಳಿದ ನಾಲ್ಕು ತಾಸು ಬರೀ ಸಂಕಟ. “ಇನ್ನ ಹನ್ನೊಂದೂವರಿಗೆ ಮಲಗು, ಆರಕ್ಕ ಏಳು, ಹಗಲು ಮಲಗಬ್ಯಾಡ” ಎಂದೆ. “ನಿದ್ದಿ ಇಲ್ಲದವಗ ಇನ್ನಷ್ಟು ಕಡಿಮಿ ಮಾಡೂದು ಯಾವ ಲೆಕ್ಕ?” ಎಂದು ಸಿಟ್ಟಾದ. ಲೆಕ್ಕ ಹಸಿವಿನದು. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ನಿದ್ದೆಯ ಒತ್ತಡ ಕೂಡುತ್ತ ಹೋಗುತ್ತದೆ. ನಡುನಡುವೆ ಜೋಂಪು ಹತ್ತಿದರೆ ಊಟಕ್ಕೆ ಮುಂಚೆ ಚುರುಮುರಿ ತಿಂದಂತೆ.

ಇನ್ನೊಂದು ಕಟ್ಟಳೆ ರಿಚರ್ಡ್ ಬೂಟ್ಜಿನ್ ಎಂಬ ಮನಃಶಾಸ್ತ್ರಜ್ಞ 1972ರಲ್ಲಿ ಹೇಳಿದ್ದು: ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟೇಳು, ಕಣ್ಣು ಎಳೆದಾಗ ಮಾತ್ರ ಮರಳು. ಇದನ್ನು ಅಪ್ಪನಿಗೆ ಮಗ್ಗದ ಮಾತಿನಲ್ಲೇ ಹೇಳಬೇಕಾಯಿತು.

“ಅಪ್ಪಾ, ಕುಣಿಗೆ ಇಳಿದ್ರ ನಿನ್ನ ಕಾಲು ಏನ ಮಾಡ್ತಿದ್ವು?”

“ತಾವ ತುಳೀತಿದ್ವು.”

“ಕುಣ್ಯಾಗ ಕೂತು ಉಣ್ತಿದ್ದೇನು? ಲೆಕ್ಕ ಬರೀತಿದ್ದೇನು?”

ಸ್ವಲ್ಪ ಹೊತ್ತು ಸುಮ್ಮನಿದ್ದು, “ತಿಳೀತು ಬಿಡವ್ವ” ಎಂದ. ಕುಣಿ ಅಂದರೆ ನೇಯ್ಗೆ ಎಂದು ಕಾಲಿಗೆ ಗೊತ್ತು. ಹಾಸಿಗೆ ಅಂದರೆ ನಿದ್ದೆ ಎಂಬುದನ್ನು ಮೈ ಮತ್ತೆ ಕಲಿಯಬೇಕಿತ್ತು.

ಮೊದಲ ವಾರ ಕಷ್ಟದ್ದೇ. ಸಂಜೆ ಕಟ್ಟೆಯ ಮೇಲೆ ತೂಕಡಿಸುತ್ತಿದ್ದ. ಅವ್ವ ನನ್ನನ್ನೇ ಬೈದಳು. ನಡುರಾತ್ರಿ ಎದ್ದು ಪಡಸಾಲೆಯ ಮಂದ ದೀಪದಲ್ಲಿ, ಚೀಲದಲ್ಲಿ ಉಳಿದ ರೇಷ್ಮೆಯ ತುಂಡು ಎಳೆಗಳನ್ನು ಕೆಂಪು ಬೇರೆ, ಹಸಿರು ಬೇರೆ ಮಾಡಿ ಬೆರಳಿಗೆ ಸುತ್ತುತ್ತ ಕೂಡುತ್ತಿದ್ದನಂತೆ. ನಾಲ್ಕನೇ ವಾರ ಐದು ತಾಸು ಒಂದೇ ಪಟ್ಟು ನಿದ್ದೆ. ಅಲ್ಲಿಂದ ವಾರಕ್ಕೆ ಕಾಲು ತಾಸಿನಂತೆ ಹೊತ್ತು ಹೆಚ್ಚಿಸಿದೆವು.

ಇದನ್ನು ಓದಿ ಯಾರೂ ತಾವೇ ಶುರುಮಾಡಬಾರದು. ಗ್ರಾನೈಟ್ ಲಾರಿ ಓಡಿಸುವವರು, ಫಿಟ್ಸ್ ಅಥವಾ ಬೈಪೋಲಾರ್ ಕಾಯಿಲೆ ಇರುವವರು ನಿದ್ದೆಯ ಹೊತ್ತು ಮೊಟಕು ಮಾಡಿದರೆ ಅಪಾಯ. ಜೋರು ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುವವರಿಗೆ ಬೇರೆಯೇ ತಪಾಸಣೆ ಬೇಕು. ಮೆಡಿಕಲ್ ಶಾಪಿನಿಂದ ಇನ್ನೊಬ್ಬರ ಚೀಟಿಯ ಅಲ್‌ಪ್ರಾಜೋಲಾಂ ತಂದು ನುಂಗುವುದನ್ನು ಕಂಡಾಗೆಲ್ಲ ನನ್ನ ಎದೆ ಹೊಡೆದುಕೊಳ್ಳುತ್ತದೆ. ವಯಸ್ಸಾದವರು ಅದರ ಮಂಪರಿನಲ್ಲೇ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ರೂಢಿಯಾದ ಮಾತ್ರೆಯನ್ನು ತಟ್ಟನೆ ಬಿಡುವುದೂ ತಪ್ಪು, ವೈದ್ಯರೇ ಇಳಿಸಬೇಕು.

ವಯಸ್ಸು ಬದಲಾದರೆ ದಾರಿಯೂ ಬದಲು. ಹುನಗುಂದದ ಒಬ್ಬ ತಾಯಿಯ ಎರಡು ವರ್ಷದ ಕೂಸು ಜೋಲಿ ತೂಗಿದರೇ ಮಲಗುತ್ತಿತ್ತು. ರಾತ್ರಿ ನಾಲ್ಕು ಸಲ ಎದ್ದರೆ ನಾಲ್ಕು ಸಲವೂ ತೂಗಬೇಕು. ಕೂಸಿನಲ್ಲಿ ಕಾಯಿಲೆಯಿರಲಿಲ್ಲ, ತೂಗಾಟವಿಲ್ಲದ ನಿದ್ದೆ ಅದಕ್ಕೆ ಗೊತ್ತಿರಲಿಲ್ಲ. ಕಣ್ಣು ಎಳೆಯುವಾಗಲೇ ತೂಗುವುದು ನಿಲ್ಲಿಸಿ, ಬರೀ ಕೈಯಿಟ್ಟು ಕೂತು, ಆ ಕೈಯನ್ನೂ ನಿಧಾನ ತೆಗೆಯುವುದನ್ನು ತಾಯಿ ಕಲಿತಳು.

ನವನಗರದ ಪಿಯುಸಿ ಹುಡುಗಿಯನ್ನು ಮನೆಯವರು ಸೋಮಾರಿ ಎಂದೇ ಕರೆತಂದರು. ಹರೆಯದಲ್ಲಿ ಮೆಲಟೋನಿನ್ ತಡವಾಗಿ ಏರುತ್ತದೆ, ಹಾಗಾಗಿ ನಿದ್ದೆಯೂ ತಡ. ಮೇಲೆ ಮೊಬೈಲು, ಬೆಳಿಗ್ಗೆ ಆರಕ್ಕೆ ಟ್ಯೂಷನ್ನು. ಎಂಟರಿಂದ ಹತ್ತು ತಾಸು ಬೇಕಾದ ಮೈಗೆ ಐದು ಸಿಗುತ್ತಿತ್ತು. ಬೈಗುಳ ಮೊದಲು ನಿಲ್ಲಿಸಿ ಎಂದೆ. ಬಾದಾಮಿಯ ಒಬ್ಬ ಚಹಾದಂಗಡಿಯವರದ್ದೂ ಮೈಯ ಗಡಿಯಾರದ್ದೇ ತೊಂದರೆ. ಬನಶಂಕರಿ ಜಾತ್ರೆಯಲ್ಲಿ ಬೆಳತನಕ ನಾಟಕ, ಬೆಳತನಕ ಚಹಾ. ಜಾತ್ರೆ ಮುಗಿದರೂ ಮೈ ರಾತ್ರಿಯನ್ನು ಹಗಲೆಂದೇ ತಿಳಿದಿತ್ತು. ದಿನಾ ಒಂದೇ ಹೊತ್ತಿಗೆ ಎದ್ದು ಬೆಳಗಿನ ಬಿಸಿಲಿಗೆ ಮೈಯೊಡ್ಡಿದ್ದೇ ಅವರಿಗೆ ಔಷಧವಾಯಿತು.

ನಮ್ಮ ಕಡೆ ಇದಕ್ಕೆಲ್ಲ ಯಾರನ್ನು ಕೇಳಬೇಕೆಂದೇ ಬಹಳ ಮಂದಿಗೆ ಗೊತ್ತಿಲ್ಲ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಮಂಗಳವಾರದ ಮನೋಚೈತನ್ಯ ಕಾರ್ಯಕ್ರಮವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ 14416ಕ್ಕೆ ಕರೆ ಮಾಡಿದರೆ ರಾತ್ರಿ ಎರಡಕ್ಕೂ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ, ದುಡ್ಡಿಲ್ಲ. ಸಾಯಬೇಕೆನಿಸಿದ ರಾತ್ರಿಯಂತೂ ಬೆಳಗಿಗೆ ಕಾಯಬೇಡಿ.

ಮೊನ್ನೆ ಊರಿಗೆ ಹೋದಾಗ ಎಳೆಗಳ ಆ ಚೀಲ ಪಡಸಾಲೆಯ ಗೂಟದಲ್ಲಿ ತೂಗುತ್ತಿತ್ತು. ಬಿಚ್ಚಿ ನೋಡಿದೆ. ಕೆಂಪು, ಹಸಿರು ಸುತ್ತಿಟ್ಟಾಗಿತ್ತು. ನೀಲಿಯೂ ಹಳದಿಯೂ ಇನ್ನೂ ಕೂಡಿಕೊಂಡೇ ಇದ್ದವು, ಮೇಲೆ ಧೂಳು ಕೂತಿತ್ತು.